ಕಾಡಿನ ಪುಟ್ಟ ರೈಲಿನ ಇತಿಹಾಸ ಹುಡುಕೋದು ಹೇಗೆ: ಹಳಿ ಆಮೇಲೆ, ಮೊದಲು ದಿಮ್ಮಿ ಹಿಂದೆ ಹೋಗಿ

ಮದ್ದೂರು ಕಡೆ ನಮ್ಮ ಸೋದರತ್ತೆ ಊರಲ್ಲಿ ಒಬ್ರು ತಾತ ಇದ್ರು. ಹಬ್ಬಕ್ಕೆ ಹೋದಾಗೆಲ್ಲ ಜಗಲಿ ಮೇಲೆ ಕೂತು ಒಂದೇ ಮಾತು ಹೇಳೋರು, “ನಾ ಕೆಲ್ಸ ಮಾಡಿದ್ ರೈಲ್ಗೆ ಟಿಕೀಟೇ ಇರ್ನಿಲ್ಲ ಕಣಪ್ಪ, ಜನಾನೂ ಇಲ್ಲ, ಬರೀ ಸೌದೆ.” ಮನೇಲಿ ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ, ವಯಸ್ಸಾಯ್ತು ಏನೋ ಹೇಳ್ತಾರೆ ಅಂತ. ಹುಡುಗ್ರಾಗಿದ್ದಾಗ ಭದ್ರಾವತಿ ಕಡೆ ಕೂಲಿಗೆ ಹೋಗಿ, ಕಾಡಲ್ಲಿ ಸೌದೆ ತುಂಬೋ ಕೆಲಸ ಮಾಡಿ ವಾಪಸ್ ಬಂದಿದ್ರಂತೆ. ನಾನು ಮೈಸೂರಿಗೆ ಬಂದು ರೈಲ್ವೆ ಪುಸ್ತಕ ಎಲ್ಲಾ ತಿರುವಿ ಹಾಕಿದೆ, ಒಂದು ಸಾಲೂ ಸಿಗಲಿಲ್ಲ. ಸುಮಾರು ಒಂದು ವರ್ಷ ಹಿಂಗೇ ವೇಸ್ಟ್ ಆಯ್ತು. ಆಮೇಲೆ ಹೊಳೀತು, ನಾನು ಹುಡುಕ್ತಾ ಇದ್ದ ಜಾಗಾನೇ ತಪ್ಪು. ಇಂಥ ರೈಲು ರೈಲ್ವೆಯವರದ್ದೇ ಅಲ್ಲ, ಅದು ಮರದವರದ್ದು, ಹಂಗಾಗಿ ಕಾಗದ ಪತ್ರಾನೂ ಮರದವರ ಹತ್ರಾನೇ ಇರುತ್ತೆ.

ಈಗ ನಿಮ್ಮಲ್ಲಿ ಯಾರಿಗಾದ್ರೂ ಇಂಥದ್ದೇ ಒಂದು ಪುಟ್ಟ ಲೈನ್ ಬಗ್ಗೆ ಅಜ್ಜಿ ತಾತ ಹೇಳಿದ್ ಕಿವಿಗೆ ಬಿದ್ದಿದ್ರೆ, ಅದರ ಇತಿಹಾಸ ಹೊರಗೆ ತೆಗೀಬೇಕು ಅಂತ ಆಸೆ ಇದ್ರೆ, ನಾನು ಬಿದ್ದು ಎದ್ದು ಕಲ್ತಿದ್ದನ್ನ ಹೇಳ್ತೀನಿ, ನಿಮ್ಮ ಒಂದು ವರ್ಷ ಉಳಿಯುತ್ತೆ.

ಮೊದಲನೇ ಕೆಲಸ, ಆ ಲೈನ್ ಏನು ಹೊರ್ತಿತ್ತು ಅಂತ ಗೊತ್ತು ಮಾಡ್ಕೊಳ್ಳಿ. ಯಾವ ಮರ, ಎಲ್ಲಿಂದ, ಎಲ್ಲಿಗೆ, ಯಾಕೆ. ಇದಕ್ಕೆ ಉತ್ತರ ಸಿಕ್ರೆ ಅರ್ಧ ಇತಿಹಾಸ ಸಿಕ್ಕಂಗೆ. ಭದ್ರಾವತಿದೇ ತಗೊಳ್ಳಿ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಇತ್ತು, ಕೆಮ್ಮಣ್ಣುಗುಂಡಿ ಕಡೆ ಬಾಬಾಬುಡನ್ ಬೆಟ್ಟದಲ್ಲಿ ಬೇಕಾದಷ್ಟು, ಆದ್ರೆ ಕಲ್ಲಿದ್ದಲು ಇರಲಿಲ್ಲ. ಅದಕ್ಕೆ ಭದ್ರಾವತಿ ಕಬ್ಬಿಣದ ಕಾರ್ಖಾನೇನ ಸೌದೆ ಇದ್ದಿಲಿನ ಮೇಲೆ ನಡೆಸೋ ಹಂಗೆ ಕಟ್ಟಿದ್ರು, 1923ರಲ್ಲಿ ಕಬ್ಬಿಣ ಬರೋಕೆ ಶುರುವಾಯ್ತು, ವಿಶ್ವೇಶ್ವರಯ್ಯನವರು ಅದರ ಮಂಡಳಿಗೆ ಅಧ್ಯಕ್ಷರಾಗಿ ಕೂತು ನಷ್ಟದಿಂದ ಎತ್ತಿದ ಕತೆ ಎಲ್ಲರಿಗೂ ಗೊತ್ತಿರೋದೇ. ಈಗ ಲೆಕ್ಕ ಹಾಕಿ, ಒಂದು ಟನ್ ಇದ್ದಿಲು ಆಗ್ಬೇಕಾದ್ರೆ ನಾಲ್ಕು ಟನ್ ಹತ್ತಿರ ಸೌದೆ ಬೇಕು. ಹಗಲೂ ರಾತ್ರಿ ಉರಿಯೋ ಕುಲುಮೆಗೆ ಎಷ್ಟು ಸೌದೆ ಬೇಕಾಗಿರ್ಬೇಡ! ಎತ್ತಿನ ಗಾಡೀಲಿ ಎಷ್ಟು ಅಂತ ತರ್ತೀರ, ಅದೂ ಮಲೆನಾಡಿನ ಮಳೇಲಿ. ಅಲ್ಲಿ ಟ್ರಾಮ್, ಅಂದ್ರೆ ಸರಕು ಸಾಗಿಸೋ ಪುಟ್ಟ ರೈಲಿನ ಹಳಿ, ಹಾಕದೆ ಬೇರೆ ದಾರಿ ಇರಲಿಲ್ಲ. ನಮ್ಮ ತಾತ ಹೇಳ್ತಿದ್ದ “ಬರೀ ಸೌದೆ” ಅನ್ನೋ ಮಾತು ನನಗೆ ಅರ್ಥ ಆಗಿದ್ದು ಈ ಲೆಕ್ಕ ಹಾಕಿದ ಮೇಲೇನೇ.

ದಿಮ್ಮಿ ಸಾಗಿಸೋ ಲೈನ್ ಆದ್ರೆ ಇನ್ನೊಂದು ಪ್ರಶ್ನೆ ಕೇಳ್ಕೊಳ್ಳಿ, ಹೊಳೆ ಇರುವಾಗ ರೈಲು ಯಾಕೆ? ಹಿಂದೆ ಮರ ಸಾಗಿಸೋಕೆ ಹೊಳೆಗಿಂತ ಸಸ್ತಾ ದಾರಿ ಇರಲಿಲ್ಲ, ಮಳೆಗಾಲದಲ್ಲಿ ತೇಲಿ ಬಿಟ್ರೆ ಆಯ್ತು. ಆದ್ರೆ ಎಲ್ಲಾ ಮರಾನೂ ತೇಲಲ್ಲ ಸ್ವಾಮಿ. ಹಸಿ ತೇಗ ನೀರಲ್ಲಿ ಮುಳುಗುತ್ತೆ, ಅದಕ್ಕೇ ಕಡಿಯೋಕೆ ಎರಡು ಮೂರು ವರ್ಷ ಮುಂಚೆ ಬುಡದ ಸುತ್ತ ತೊಗಟೆ, ಅದರ ಒಳಗಿನ ಬಿಳಿ ಮರ ಎರಡೂ ಬಳೆ ತರ ಕೆತ್ತಿ ನಿಂತಲ್ಲೇ ಒಣಗೋಕೆ ಬಿಡೋರು. ಬೀಟೆ, ಮತ್ತಿ ತರದ ಭಾರದ ಮರಗಳಿಗಂತೂ ಬಿದಿರು ಕಟ್ಟಿ ತೇಲಿಸ್ಬೇಕು. ಹೊಳೆ ಇಲ್ಲದ ಕಡೆ, ಇದ್ರೂ ಬಂಡೆ ಜಲಪಾತ ಇರೋ ಕಡೆ, ಇಲ್ಲಾ ಭಾರದ ಮರ ಜಾಸ್ತಿ ಇರೋ ಕಡೆ ಹಳಿ ಬಂತು ಅಂತ ಇಟ್ಕೊಳ್ಳಿ. ಕೊಚ್ಚಿ ಸಂಸ್ಥಾನದವರು ಚಾಲಕುಡಿಯಿಂದ ಪರಂಬಿಕುಳಂ ಕಾಡಿಗೆ ಹಾಕಿದ ಟ್ರಾಮ್ ಇದಕ್ಕೆ ಒಳ್ಳೆ ಉದಾಹರಣೆ, ಮೀಟರ್ ಗೇಜು (ಎರಡು ಹಳಿ ಮಧ್ಯೆ ಒಂದು ಮೀಟರ್ ಅಂತರ), ಸುಮಾರು 50 ಮೈಲಿ, 1907ರಿಂದ 1963ರ ತನಕ ಓಡ್ತು. ಘಾಟಿ ಇಳಿಯೋ ಕಡೆ ಇಂಜಿನ್ನೇ ಇಲ್ಲ, ಮೇಲಿಂದ ದಿಮ್ಮಿ ತುಂಬಿದ ವ್ಯಾಗನ್ ತನ್ನ ಭಾರಕ್ಕೇ ಕೆಳಗೆ ಇಳೀತಾ ಇದ್ರೆ, ಅದೇ ಉಕ್ಕಿನ ಹಗ್ಗದ ಇನ್ನೊಂದು ತುದೀಲಿ ಕಟ್ಟಿದ ಖಾಲಿ ವ್ಯಾಗನ್ ಮೇಲಕ್ಕೆ ಬರ್ತಿತ್ತು. ನಮ್ಮ ಬಾವಿ ರಾಟೆಗೆ ಎರಡು ಕಡೆ ಕೊಡ ಕಟ್ಟಿದ ಹಂಗೆ. ಎಷ್ಟು ಚೆಂದದ ಬುದ್ಧಿ ನೋಡಿ, ಮರ ತಾನೇ ದುಡಿದು ತನ್ನ ಗಾಡೀನ ಮೇಲಕ್ಕೆ ಕಳಿಸ್ತಿತ್ತು.

ಎರಡನೇದು ಊರಿನ ಹೆಸರು. ಇದೊಂದರಲ್ಲಿ ಎಲ್ಲರೂ ಜಾರಿ ಬೀಳ್ತಾರೆ, ನಾನೂ ಬಿದ್ದೆ. ಭದ್ರಾವತಿ ಅಂತ ಹುಡುಕಿದ್ರೆ ಹಳೇ ಕಾಗದದಲ್ಲಿ ಸಿಗಲ್ಲ, ಅದು ಬೆಂಕಿಪುರ. ನರಸಿಂಹರಾಜಪುರ ಅಂದ್ರೆ ಹಿಂದೆ ಎಡೆಹಳ್ಳಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಗೇಜಿನ ಒಂದು ಪುಟ್ಟ ಲೈನ್ ಇತ್ತು, ಸುಮಾರು 27 ಮೈಲಿ, 1910ರ ದಶಕದ್ದು, ಅದನ್ನ ಹುಡುಕೋರು ಎಡೆಹಳ್ಳಿ ಅಂತಾನೂ ನೋಡ್ಬೇಕು, ಜಿಲ್ಲೆ ಹೆಸರು ಕಡೂರು ಅಂತ ನೋಡ್ಬೇಕು, ಚಿಕ್ಕಮಗಳೂರು ಜಿಲ್ಲೆ ಅನ್ನೋ ಹೆಸರು ಬಂದಿದ್ದೇ 1947ರಲ್ಲಿ. ನಮ್ಮ ಕಡೇನೂ ಅಷ್ಟೇ, ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿತ್ತು, ರಾಮನಗರ ಕ್ಲೋಸ್‌ಪೇಟೆ, ಬಂಗಾರಪೇಟೆ ಬೌರಿಂಗ್‌ಪೇಟೆ, ಮಂಡ್ಯ ಅನ್ನೋ ಜಿಲ್ಲೆ 1939ರ ತನಕ ಇರಲೇ ಇಲ್ಲ, ಎಲ್ಲಾ ಮೈಸೂರು ಜಿಲ್ಲೆ ಕಡತದಲ್ಲೇ. ಹುಡುಕೋಕೆ ಕೂರೋ ಮುಂಚೆ ಒಂದು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಈ ಹಳೇ ಹೊಸ ಹೆಸರುಗಳನ್ನ ಬರ್ಕೊಳ್ಳಿ, ಜೊತೆಗೆ ಇಂಗ್ಲಿಷಿನವರು ಬರೀತಿದ್ದ ತರಹಾವರಿ ಸ್ಪೆಲ್ಲಿಂಗೂ.

ಇನ್ನು ಕಾಗದ. ಮೈಸೂರಲ್ಲಿ ಇರೋರು ಪುಣ್ಯವಂತರು, ಮಾನಸಗಂಗೋತ್ರಿ ಲೈಬ್ರರಿ ಇದೆ, ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಇದೆ, ಬೇಕಾದ್ರೆ ಬೆಳಗ್ಗೆ ಟ್ರೇನ್ ಹತ್ತಿ ಬೆಂಗಳೂರಿನ ದೊಡ್ಡ ಪತ್ರಾಗಾರಕ್ಕೆ ಹೋಗಿ ಸಂಜೆ ವಾಪಸ್ ಬರಬಹುದು. ಹೋಗಿ ರೈಲ್ವೆ ಫೈಲ್ ಕೊಡಿ ಅಂತ ಕೇಳ್ಬೇಡಿ. ಅರಣ್ಯ ಇಲಾಖೆ ವಾರ್ಷಿಕ ವರದಿ ಕೇಳಿ. ಅದರಲ್ಲಿ ಸಾಗಣೆ ಖರ್ಚು ಅಂತ ಒಂದು ಭಾಗ ಇರುತ್ತೆ, ಗಾಡಿ ಬಾಡಿಗೆ, ಆನೆ ಖರ್ಚು, ಟ್ರಾಮ್ ರಿಪೇರಿ ಎಲ್ಲಾ ಅಲ್ಲೇ ಅಡಗಿ ಕೂತಿರುತ್ತೆ. ಸಂಸ್ಥಾನದ ಆಡಳಿತ ವರದಿಗಳನ್ನೂ ವರ್ಷವಾರು ತಿರುವಿ. ಒಂದು ವರ್ಷ ಟ್ರಾಮ್ ಖರ್ಚು ದಿಢೀರ್ ಅಂತ ಏರಿದ್ರೆ ಹೊಸ ಹಳಿ ಬಿತ್ತು ಅಂತ, ಇಳಿದು ಸೊನ್ನೆ ಆದ್ರೆ ಕತೆ ಮುಗೀತು ಅಂತ ಅಂದಾಜು ಮಾಡ್ಕೋಬಹುದು. ಅಂದಾಜು ಅಷ್ಟೇ, ಅದನ್ನೇ ಸತ್ಯ ಅಂತ ಬರೆದು ಬಿಡಬೇಡಿ.

ಅಲ್ಲಿ ಒಂದು ಗುಂಡಿ ಇದೆ ನೋಡ್ಕೊಂಡು ಹೆಜ್ಜೆ ಇಡಿ. ಮೈಸೂರು ಸಂಸ್ಥಾನದ ಸರ್ಕಾರಿ ವರ್ಷ ಜುಲೈಯಿಂದ ಜೂನ್‌ಗೆ. 1915-16ರ ವರದಿ ಅಂದ್ರೆ 1915 ಜುಲೈಯಿಂದ 1916 ಜೂನ್ ತನಕ. ನಾವು ಈಗಿನ ಏಪ್ರಿಲ್ ಮಾರ್ಚ್ ಲೆಕ್ಕ ತಲೇಲಿ ಇಟ್ಕೊಂಡು ಓದಿದ್ರೆ ಮೂರು ತಿಂಗಳು ಆ ಕಡೆ ಈ ಕಡೆ ಆಗೋಗುತ್ತೆ, ಒಂದೊಂದ್ಸಲ ವರ್ಷಾನೇ ತಪ್ಪುತ್ತೆ.

ಇನ್ನೊಂದು ಜಾಗ ಜನ ಮರೆತೇ ಬಿಡ್ತಾರೆ, ಪ್ರಜಾಪ್ರತಿನಿಧಿ ಸಭೆ. 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಶುರುವಾಗಿದ್ದು, ದಸರಾ ಟೈಮಲ್ಲಿ ಇಲ್ಲೇ ಮೈಸೂರಲ್ಲಿ ಸೇರ್ತಿತ್ತು. ದಿವಾನರು ವರ್ಷದ ಲೆಕ್ಕ ಒಪ್ಪಿಸೋರು, ಊರೂರಿಂದ ಬಂದೋರು ನಮ್ಗೆ ರಸ್ತೆ ಬೇಕು, ಕೆರೆ ಬೇಕು, ರೈಲು ಬೇಕು ಅಂತ ಅಹವಾಲು ಹೇಳೋರು. ವರದೀಲಿ ಅಧಿಕಾರಿ ಬರೆದಿದ್ದು ಒಂದು ತರ, ಇಲ್ಲಿ ರೈತರು ವ್ಯಾಪಾರಿಗಳು ಹೇಳಿದ್ದು ಇನ್ನೊಂದು ತರ, ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಓದಿದ್ರೇನೇ ಮಜಾ. ಗೆಜೆಟಿಯರ್, ಅಂದ್ರೆ ಸಂಸ್ಥಾನದ ಊರು ಜಿಲ್ಲೆಗಳ ವಿವರ ಇರೋ ಪುಸ್ತಕ, ನೋಡೋದಾದ್ರೆ 1897ರ ರೈಸ್ ಅವರದ್ದಲ್ಲ, ಆಗ ಈ ಪುಟ್ಟ ಲೈನ್‌ಗಳು ಹುಟ್ಟೇ ಇರಲಿಲ್ಲ, 1920ರ ದಶಕದ ಕೊನೆಗೆ ಬಂದ ಹಯವದನರಾಯರದ್ದು ತೆಗೀರಿ.

ರೈಲ್ವೆ ಕಾಗದ ಪೂರ್ತಿ ಬಿಡಿ ಅಂತಲ್ಲ. ಜನ ಓಡಾಡ್ತಿದ್ದ ಲೈನ್ ಆಗಿದ್ರೆ ಮೈಸೂರು ಸ್ಟೇಟ್ ರೈಲ್ವೆ ಕಡತದಲ್ಲಿ ಇರುತ್ತೆ. ಆ ರೈಲ್ವೆ 1951ರ ಏಪ್ರಿಲ್ 14ಕ್ಕೆ ಸದರ್ನ್ ರೈಲ್ವೆ ಒಳಗೆ ಸೇರ್ತು, ಅದಕ್ಕೇ ಆಮೇಲಿನ ಕಾಗದ ಚೆನ್ನೈ ಕಡೆ ಹೋಗಿರೋದು ಉಂಟು. ಕಾಡಿನೊಳಗೆ ಬರೀ ಸೌದೆಗೆ ಅಂತ ಹಾಕಿ, ಕೂಪು, ಅಂದ್ರೆ ಮರ ಕಡಿಯೋಕೆ ಗುರುತು ಮಾಡಿದ ಕಾಡಿನ ತುಂಡು, ಮುಗಿದ ಮೇಲೆ ಕಿತ್ತು ಮುಂದಿನ ಕೂಪಿಗೆ ಹಾಕ್ತಿದ್ದ ಹಳಿಗಳ ಕತೆ ಮಾತ್ರ ಅಲ್ಲಿ ಇರಲ್ಲ. ಅಂಥ ಹಳಿ ಇವತ್ತು ಇಲ್ಲಿ, ಮುಂದಿನ ವರ್ಷ ಇನ್ನೆಲ್ಲೋ, ಯಾರು ನಕ್ಷೆ ಬರೀತಾರೆ.

ನಕ್ಷೆ ಅಂದ್ನಲ್ಲ, ಈಗ ಕೂತಲ್ಲೇ ಸುಮಾರು ಕೆಲಸ ಆಗುತ್ತೆ. ಕಂದಾಯ ಇಲಾಖೆ ಗ್ರಾಮ ನಕ್ಷೆಗಳನ್ನ ಆನ್‌ಲೈನ್‌ನಲ್ಲಿ ಇಟ್ಟಿದೆ, ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತೆ. ಹೊಲಗಳು ಸಾಮಾನ್ಯವಾಗಿ ಚೌಕವೋ ಅಡ್ಡಾದಿಡ್ಡಿಯೋ ಇರ್ತವೆ, ಅದರ ಮಧ್ಯೆ ಉದ್ದಕ್ಕೆ ಲಾಡಿ ಎಳೆದಂಗೆ ಸಣ್ಣ ಪಟ್ಟಿ ಒಂದು ನಾಲ್ಕೈದು ಊರು ದಾಟ್ಕೊಂಡು ಹೋಗಿದ್ರೆ ಬೆರಳಿಡಿ ಅಲ್ಲಿ. ಪಹಣೀಲಿ ಸರ್ಕಾರಿ ಖರಾಬು ಅಂತ ಇದ್ರೆ ಇನ್ನೂ ಅನುಮಾನ ಪಡಿ. ದಾರಿನೋ ಹಳ್ಳಾನೋ ಆಗಿರಬಹುದು, ಹಳೇ ಹಳಿ ಹಾದಿನೂ ಆಗಿರಬಹುದು. ಆಮೇಲೆ ಸರ್ವೆ ಆಫ್ ಇಂಡಿಯಾದ ಹಳೇ ಶೀಟು, ಒಂದು ಇಂಚಿಗೆ ಒಂದು ಮೈಲಿದು, ಸಿಕ್ರೆ ಬಂಗಾರ. ಅದರ ಮೇಲೆ ಸರ್ವೆ ಮಾಡಿದ ವರ್ಷ ಬೇರೆ, ಪ್ರಿಂಟ್ ಆದ ವರ್ಷ ಬೇರೆ ಇರುತ್ತೆ, ನಮಗೆ ಬೇಕಿರೋದು ಸರ್ವೆ ವರ್ಷ.

ಸ್ಯಾಟಲೈಟ್ ಚಿತ್ರದಲ್ಲಿ ರಸ್ತೆಗೂ ಹಳಿ ಹಾದಿಗೂ ವ್ಯತ್ಯಾಸ ಗೊತ್ತು ಮಾಡೋದು ಸುಲಭ. ಎತ್ತಿನ ಗಾಡಿ ದಾರಿ ಯಾರದೋ ಹೊಲದ ಮೂಲೆ ಬಂತು ಅಂತ ಟಕ್ ಅಂತ ತಿರುಗುತ್ತೆ. ರೈಲು ಹಂಗೆ ತಿರುಗಲ್ಲ, ದೂರದಿಂದಾನೇ ನಿಧಾನಕ್ಕೆ ಬಳುಕ್ಕೊಂಡು ಬರುತ್ತೆ, ದಿಣ್ಣೆ ಬಂದ್ರೆ ಕೊರೀತಾರೆ, ಹಳ್ಳ ಬಂದ್ರೆ ಏರಿ ಹಾಕ್ತಾರೆ.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಮೋಸ ಹೋದೆ ಅನ್ನೋದು ಬೇರೆ ಮಾತು. ಒಂದು ಭಾನುವಾರ ತರೀಕೆರೆ ಕಡೆ ಹೋಗಿ, ಸೊಗಸಾದ ಏರಿ ಒಂದು ಸಿಕ್ತು ಅಂತ ಖುಷಿಲಿ ಮೂರು ಕಿಲೋಮೀಟರ್ ಬಿಸಿಲಲ್ಲಿ ನಡೆದು, ಫೋಟೋ ಮೇಲೆ ಫೋಟೋ ತೆಗೆದು, ಅಲ್ಲಿ ಎಮ್ಮೆ ಮೇಯಿಸ್ತಿದ್ದ ಹುಡುಗನ್ನ ಇದು ರೈಲ್ ದಾರಿ ಅಲ್ವಾ ಅಂದ್ರೆ ಅವನು ನನ್ನ ಮುಖ ನೋಡಿ, “ಕಾಲುವೆ ಸಾರ್ ಇದು, ಈಗ ನೀರು ಬಿಟ್ಟಿಲ್ಲ” ಅಂದ. ಮಂಡ್ಯ ಕಡೆಯವನಾಗಿ, ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಸೈಕಲ್ ಹೊಡ್ಕೊಂಡು ಬೆಳೆದವನಿಗೆ ನಾಲೆ ಗೊತ್ತಾಗಲಿಲ್ಲ ಅಂದ್ರೆ ಮಾನ ಉಳಿಯುತ್ತಾ. ನೀವು ಹಂಗೆ ಮಾಡ್ಬೇಡಿ. ನಾಲೆ ಗುಡ್ಡದ ಮೈ ಸುತ್ಕೊಂಡು ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿ ಹೋಗುತ್ತೆ, ಅಲ್ಲಲ್ಲಿ ತೂಬು ಇರುತ್ತೆ, ಕಿರುಗಾಲುವೆ ಒಡೆಯುತ್ತೆ. ಹಳಿ ಹಾದಿ ಸಣ್ಣಗೆ ಏರುತ್ತೆ ಇಳಿಯುತ್ತೆ, ಮಣ್ಣಿನ ಮಧ್ಯೆ ಒಂದೇ ಸೈಜಿನ ಒಡೆದ ಜಲ್ಲಿ ಸಿಗುತ್ತೆ, ಹಳ್ಳದ ಮೇಲೆ ಕಲ್ಲಿನ ಮೋರಿ ಇರುತ್ತೆ, ಅದರ ಅಗಲ ಗಾಡಿ ರಸ್ತೆಗೆ ಸಾಲದಷ್ಟು ಕಿರಿದು.

ಹಳಿ ತುಂಡು ಸಿಕ್ರೆ ಹಬ್ಬ. ಹಳಿ ಹಳಿ ಹಾದಿಯಲ್ಲೇ ಸಿಗ್ಬೇಕು ಅಂತಿಲ್ಲ, ನಮ್ಮ ಜನ ಏನನ್ನೂ ಬಿಸಾಡಲ್ಲವಲ್ಲ. ತೋಟದ ಬೇಲಿ ಕಂಬ ಆಗಿರುತ್ತೆ, ದನದ ಕೊಟ್ಟಿಗೆಗೆ ತೊಲೆ ಆಗಿರುತ್ತೆ, ಸ್ಕೂಲಲ್ಲಿ ಬೆಲ್ ಹೊಡೆಯೋಕೆ ನೇತಾಕಿರ್ತಾರೆ, ನಾನು ಓದಿದ ಸ್ಕೂಲಲ್ಲೂ ಹಳಿ ತುಂಡೇ ಗಂಟೆ. ಅದರ ಸೊಂಟದ ಭಾಗದಲ್ಲಿ ಉಬ್ಬಕ್ಷರದಲ್ಲಿ ತಯಾರಿಸಿದೋರ ಹೆಸರು, ವರ್ಷ, ಒಂದು ಗಜಕ್ಕೆ ಎಷ್ಟು ಪೌಂಡ್ ತೂಕ ಅಂತ ಇರಬಹುದು. ತುಕ್ಕು ಹಿಡಿದು ಓದೋಕೆ ಆಗದಿದ್ರೆ ತಂತಿ ಬ್ರಷ್ಷಲ್ಲಿ ಉಜ್ಜಬೇಡಿ, ಬಿಳೀ ಹಾಳೆ ಮೇಲಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ, ಚಿಕ್ಕವರಿದ್ದಾಗ ನಾಲ್ಕಾಣೆ ಕಾಸಿನ ಅಚ್ಚು ತೆಗೀತಿದ್ವಲ್ಲ ಹಂಗೆ. ಆ ವರ್ಷ ಹಳಿ ತಯಾರಾದ ವರ್ಷ, ಲೈನ್ ಹಾಕಿದ ವರ್ಷ ಅಲ್ಲ ಅನ್ನೋದು ನೆನಪಿರಲಿ. ಕಾಡಿನ ಲೈನ್‌ಗಳು ಸೆಕೆಂಡ್ ಹ್ಯಾಂಡ್ ಹಳಿ ತಗೊಳ್ಳೋದು ಮಾಮೂಲು. ಹಳಿ ಇನ್ನೂ ನೆಲದ ಮೇಲೇ ಇದ್ರೆ ಗೇಜ್ ಅಳೀರಿ, ಎರಡು ಹಳಿ ತಲೆಯ ಒಳ ಅಂಚಿಂದ ಒಳ ಅಂಚಿಗೆ. 610 ಮಿಲಿಮೀಟರ್ ಹತ್ತಿರ ಬಂದ್ರೆ ಎರಡು ಅಡಿದು, 762 ಬಂದ್ರೆ ಎರಡೂವರೆ ಅಡಿದು, 1000 ಅಂದ್ರೆ ಮೀಟರ್ ಗೇಜ್, 1676 ಅಂದ್ರೆ ಈಗ ನಾವು ಓಡಾಡೋ ಬ್ರಾಡ್ ಗೇಜ್. ಅಳತೆ ಕಣ್ಣಿಗೆ ಕೂರ್ಬೇಕು ಅಂದ್ರೆ ಹೊರಡೋ ಮುಂಚೆ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಒಂದ್ಸಲ ಹೋಗಿ ಬನ್ನಿ, 1979ರಿಂದ ಇದೆ. ಎಲ್ಲರೂ 1899ರ ಮಹಾರಾಣಿ ಸಲೂನ್ ಮುಂದೆ ಸೆಲ್ಫಿ ತಗೊಳ್ತಿರ್ತಾರೆ, ನೀವು ಬಗ್ಗಿ ಚಕ್ರ, ಕಪ್ಲಿಂಗ್, ಇಂಜಿನ್ ಮೈ ಮೇಲಿನ ನಂಬರ್ ಪ್ಲೇಟ್ ನೋಡಿ.

ಒಂದು ಎಚ್ಚರಿಕೆ. ಈ ಕಾಡುಗಳೆಲ್ಲ ಈಗ ಬಹುಪಾಲು ಅಭಯಾರಣ್ಯ, ಲಕ್ಕವಳ್ಳಿ ಮುತ್ತೋಡಿ ಕಡೆ ಭದ್ರಾ ಹುಲಿ ಕಾಡು, ಪರಂಬಿಕುಳಂ ಕೂಡ ಹುಲಿ ಕಾಡೇ. ಪರ್ಮಿಷನ್ ಇಲ್ಲದೆ ಒಳಗೆ ಕಾಲಿಡ್ಬೇಡಿ, ಆನೆಗೆ ನಿಮ್ಮ ಸಂಶೋಧನೆ ಗೊತ್ತಾಗಲ್ಲ. ಓಡ್ತಾ ಇರೋ ಲೈನ್ ಮೇಲೆ ನಡೆಯೋದೂ ಅಪರಾಧ.

ಈಗ ಬಹಳ ಮುಖ್ಯವಾದ್ದು, ವಯಸ್ಸಾದೋರ ಹತ್ರ ಮಾತಾಡೋದು. ಕಾಗದ ಇನ್ನೂ ಐವತ್ತು ವರ್ಷ ಇರುತ್ತೆ, ಇವರು ಇರಲ್ಲ, ಅದಕ್ಕೇ ಮೇಲೆ ಹೇಳಿದ ಎಲ್ಲಾದಕ್ಕಿಂತ ಮುಂಚೆ ಇದನ್ನ ಮಾಡ್ಬೇಕಿತ್ತು ಅಂತ ನನಗೆ ಈಗ ಅನ್ಸುತ್ತೆ. ಹೋಗಿ ಫೋನ್ ಮುಂದೆ ಹಿಡಿದು “ಟ್ರಾಮ್ ಇತಿಹಾಸ ಹೇಳಿ” ಅಂದ್ರೆ ಬಾಯಿ ಮುಚ್ಕೋತಾರೆ. ಊಟದಿಂದ ಶುರು ಮಾಡಿ. ಕಾಡಲ್ಲಿ ಏನು ಉಣ್ತಿದ್ರಿ, ಎಲ್ಲಿ ಮಲಗ್ತಿದ್ರಿ, ವಾರದ ಬಟವಾಡೆ ಯಾರು ಕೊಡೋರು, ಜ್ವರ ಬಂದ್ರೆ ಏನ್ ಮಾಡ್ತಿದ್ರಿ. ನಮ್ಮ ತಾತ ಇತಿಹಾಸ ಕೇಳಿದಾಗ ಎರಡು ಸಾಲು ಹೇಳಿ ಸುಮ್ಮನಾದ್ರು, ಇಂಬಳ ಕಚ್ಚುತ್ತಿತ್ತಾ ಅಂತ ಕೇಳಿದ್ದೇ ತಡ ಒಂದು ಗಂಟೆ ಮಾತಾಡಿದ್ರು. “ಕಾಲ್ಗೆ ಸುಣ್ಣ ಬಳ್ಕೊಂಡ್ ಓಯ್ತಿದ್ದೋ, ಮಳೇಲಿ ಅದೂ ನಿಲ್ನಿಲ್ಲ. ಇಳ್ಜಾರಲ್ಲಿ ಟ್ರಾಲಿ ಬುಟ್ರೆ ಮರದ್ ತುಂಡಲ್ಲಿ ಚಕ್ರ ಒತ್ತಿ ಇಡ್ಕೊಬೇಕು, ಕೈ ಜಾರ್ತು ಅಂದ್ರೆ ಸೌದೆನೂ ಓಯ್ತು ನಾವೂ ಓದೊ.” ಬ್ರೇಕ್ ಹೆಂಗಿತ್ತು ಅಂತ ನಾನು ಯಾವ ವರದೀಲೂ ಓದಿರಲಿಲ್ಲ, ಇಂಬಳದ ದಾರಿ ಹಿಡಿದು ಬ್ರೇಕ್ ತನಕ ಬಂದ್ವಿ.

ಅವರಿಗೆ ಇಸವಿ ನೆನಪಿರಲ್ಲ, ಇಸವಿ ಕೇಳ್ಳೂ ಬೇಡಿ. ದೊಡ್ಡ ಘಟನೆ ಪಕ್ಕ ಇಟ್ಟು ಕೇಳಿ. ನಾಲ್ವಡಿಯವರು ತೀರ್ಕೊಂಡಾಗ ನೀವು ಅಲ್ಲಿದ್ರಾ ವಾಪಸ್ ಬಂದಿದ್ರಾ, ಅದು 1940. ಶಿವಪುರದಲ್ಲಿ ಧ್ವಜ ಹಾರಿಸಿದಾಗ ಎಷ್ಟು ದೊಡ್ಡವರಿದ್ರಿ, ಅದು 1938, ಮದ್ದೂರು ಕಡೆಯವರಿಗೆ ಇದು ಪಕ್ಕಾ ನೆನಪಿರುತ್ತೆ. ಮೈಸೂರು ಚಲೋ ಆದ್ರೆ 1947. ಕೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ, ನೀವು ಪೇಪರ್ ಕನ್ನಡಕ್ಕೆ ತಿದ್ದಬೇಡಿ, ರೆಕಾರ್ಡ್ ಮಾಡೋದಾದ್ರೆ ಕೇಳಿ ಒಪ್ಪಿಗೆ ತಗೊಂಡು ಮಾಡಿ. ಇಬ್ಬರು ಹೇಳಿದ್ದು ಹೊಂದದಿದ್ರೆ ಎರಡೂ ಇಟ್ಕೊಳ್ಳಿ.

ಬರೆಯೋಕೆ ಕೂತಾಗ ತಲೆನೋವು ಬರೋದು ತಾರೀಕಿಂದ. ಲೈನ್ ಶುರುವಾಗಿದ್ದು ಯಾವಾಗ ಅಂದ್ರೆ ಒಂದೇ ಉತ್ತರ ಇರಲ್ಲ. ಮಂಜೂರಾದ ದಿನ ಒಂದು, ಮಣ್ಣು ಅಗೆದಿದ್ದು ಒಂದು, ಸರಕು ಓಡಿದ್ದು ಒಂದು, ಜನ ಹತ್ತಿದ್ದು ಇನ್ನೊಂದು. ಬೆಂಗಳೂರು ಮೈಸೂರು ಲೈನೇ ನೋಡಿ, ಬರಗಾಲದಲ್ಲಿ ಜನರಿಗೆ ಕೂಲಿ ಕೊಡೋಕೆ ಅಂತ ಕೈಗೆತ್ತಿಕೊಂಡ ಕೆಲಸ, ಬೆಂಗಳೂರು ಕಡೆಯಿಂದ ತುಂಡು ತುಂಡಾಗಿ ತೆರೆದ್ರು, ಒಬ್ರು 1881 ಅಂತಾರೆ, ಮೈಸೂರು ತಲುಪಿದ್ದು 1882 ಅಂತ ಇನ್ನೊಬ್ರು ಜಗಳಕ್ಕೆ ಬರ್ತಾರೆ, ಇಬ್ಬರೂ ಸರಿ. ಮುಚ್ಚಿದ ತಾರೀಕಂತೂ ಇನ್ನೂ ಗೋಜಲು. ಕೇರಳದ ನಿಲಂಬೂರ್ ಲೈನ್ 1927ರಲ್ಲಿ ತೇಗಕ್ಕೆ ಅಂತಾನೇ ಪೂರ್ತಿ ಮಾಡಿದ್ದು, ಯುದ್ಧಕ್ಕೆ ಉಕ್ಕು ಬೇಕು ಅಂತ 1941ರಲ್ಲಿ ಹಳಿ ಕಿತ್ರು, 1954ರಲ್ಲಿ ತಿರುಗಿ ಹಾಕಿದ್ರು, ಈಗ ಅದರಲ್ಲಿ ಟೂರಿಸ್ಟ್‌ಗಳು ತೇಗದ ಮರ ನೋಡ್ಕೊಂಡು ಹೋಗ್ತಾರೆ. ನಮ್ಮ ಅಳ್ನಾವರ ದಾಂಡೇಲಿ ಲೈನೂ 1919ರಲ್ಲಿ ನಾಟಾ ಸಾಗಿಸೋಕೆ ಬಂದಿದ್ದು, ಜನರ ಗಾಡಿ 1990ರ ದಶಕದಲ್ಲಿ ನಿಂತು 2019ರಲ್ಲಿ ಮತ್ತೆ ಬಂತು. ಅದಕ್ಕೆ ಪ್ರತಿ ತಾರೀಕಿನ ಮುಂದೆ ಏನಾಯ್ತು ಅಂತ ಬರೀರಿ, ಯಾವ ಕಾಗದದಿಂದ ಯಾವ ಪುಟದಿಂದ ಸಿಕ್ತು ಅಂತಾನೂ ಬರೀರಿ, ಆರು ತಿಂಗಳಾದ ಮೇಲೆ ನಿಮಗೇ ನೆನಪಿರಲ್ಲ. ಮೈಲಿ, ಫರ್ಲಾಂಗು, ರೂಪಾಯಿ ಆಣೆ ಪೈ ಎಲ್ಲಾ ಇದ್ದ ಹಂಗೇ ಬರ್ಕೊಂಡು ಪಕ್ಕದಲ್ಲಿ ಕಿಲೋಮೀಟರ್ ಹಾಕಿ, ಮೂಲ ಅಳಿಸಬೇಡಿ.

ಹಳೇ ಫೋಟೋ ಕೊಟ್ಟೋರಿಗೆ ಅವತ್ತೇ ವಾಪಸ್ ಕೊಡಿ. ಅಲ್ಲೇ ಕಿಟಕಿ ಬೆಳಕಲ್ಲಿ ಮೊಬೈಲಲ್ಲಿ ತೆಗೀರಿ, ಮುಂದಿನದ್ದೂ ಹಿಂದಿನದ್ದೂ, ಹಿಂದುಗಡೆ ಪೆನ್ಸಿಲಲ್ಲಿ ಏನಾದ್ರೂ ಗೀಚಿರ್ತಾರೆ. ಮನೆಗೆ ತಗೊಂಡು ಹೋಗಿ ಸ್ಕ್ಯಾನ್ ಮಾಡಿ ಕೊಡ್ತೀನಿ ಅಂತ ಹೋದೋರು ಯಾರೂ ವಾಪಸ್ ಬರಲಿಲ್ಲ ಅಂತ ತಾತನ ಮನೇಲಿ ಹೇಳಿದ್ರು. ಅವರ ಹತ್ರ ಇದ್ದ ಒಂದೇ ಒಂದು ಫೋಟೋ, ಟ್ರಾಲಿ ಪಕ್ಕ ನಿಂತಿದ್ದು, ಹಂಗೆ ಹೋಗಿದ್ದು ಇನ್ನೂ ಬಂದಿಲ್ಲ.